ಕ್ಯಾಲೆಂಡರ್‌ನಲ್ಲಿ ಓಬವ್ವ, ಅಟ್ಟದ ಮೇಲೆ ಒನಕೆ

ಮೊಮ್ಮಗಳಿಗೆ ನವೆಂಬರ್ 11ರಂದು ಶಾಲೆಯಲ್ಲಿ ಓಬವ್ವನ ವೇಷ. ಕಚ್ಚೆ ಸೀರೆ, ದೊಡ್ಡ ಕುಂಕುಮ, ಕೈಯಲ್ಲಿ ಥರ್ಮಾಕೋಲಿನ ಒನಕೆ. ಎಲ್ಲಾ ಚೆಂದವೇ. ಆದರೆ ಆ ಒನಕೆ ಹಿಡಿದ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ. ಕ್ರಿಕೆಟ್ ಬ್ಯಾಟಿನ ಹಾಗೆ ಅಡ್ಡಕ್ಕೆ ಹಿಡಿದು ಬೀಸುತ್ತಿದ್ದಾಳೆ! "ಯವ್ವಾ, ಒನಕೆ ಬೀಸೋದಲ್ಲ, ಕುಟ್ಟೋದು" ಅಂದೆ. "ಅಜ್ಜಿ, ಮಿಸ್ಸೇ ಹಿಂಗೆ ಹೇಳಿಕೊಟ್ಟಿದ್ದು" ಅಂದಳು. ಮಿಸ್ಸಾದರೂ ಏನು ಮಾಡಿಯಾರು, ಅವರ ಮನೆಯಲ್ಲೂ ಒನಕೆ ಇರಲಿಕ್ಕಿಲ್ಲ.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಗುರ್ ಅನ್ನುತ್ತಿತ್ತು. ಸೊಸೆ ಶೇಂಗಾ ಚಟ್ನಿಪುಡಿ ಮಾಡುತ್ತಿದ್ದಳು. ಮುಚ್ಚಳ ತೆಗೆದು ನೋಡಿದರೆ ಪುಡಿ ಎಲ್ಲಿ? ಜಾರಿನ ತಳಕ್ಕೆ ಮೆತ್ತಿಕೊಂಡ ಎಣ್ಣೆಮುದ್ದೆ. "ಅತ್ತೆ, ಈ ಸಲದ ಶೇಂಗಾನೇ ಸರಿ ಇಲ್ಲ" ಅಂದಳು. ಶೇಂಗಾ ಸರಿಯಾಗೇ ಇದೆ ತಾಯಿ. ಅದು ನಮ್ಮಣ್ಣನ ಹೊಲದ್ದು.

ಓಬವ್ವನ ಜಯಂತಿಯನ್ನು ಸರ್ಕಾರ ಆಚರಿಸುತ್ತಿರುವುದು 2021ರಿಂದ. ಕ್ಯಾಲೆಂಡರಿನ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಕೆಂಪು ಬಣ್ಣ ಇಲ್ಲ, ಅಂದರೆ ರಜೆ ಇಲ್ಲ. ಮಕ್ಕಳಿಗೆ ಅದೇ ಬೇಜಾರು. ಈಗಿನವರಿಗೆ ಕ್ಯಾಲೆಂಡರ್ ಅಂದರೆ ರಜೆ ಹುಡುಕುವ ಹಾಳೆ. ನನಗೆ ಅದು ಮನೆಯ ಲೆಕ್ಕದ ಪುಸ್ತಕ. ಸಿಲಿಂಡರ್ ಹಚ್ಚಿದ ದಿನ, ಹಾಲು ಬೇಡ ಅಂದ ದಿನ, ಚಟ್ನಿಪುಡಿ ಭರಣಿಗೆ ತುಂಬಿದ ದಿನ, ಎಲ್ಲಾ ಆ ಚೌಕಗಳಲ್ಲೇ ಪೆನ್ಸಿಲಿನಲ್ಲಿ ಬರೆದಿರುತ್ತೇನೆ. ನವೆಂಬರ್ 1ರ ರಾಜ್ಯೋತ್ಸವದ ಬಾವುಟ ಇಳಿಸುವಷ್ಟರಲ್ಲಿ ಮುಂಗಾರಿಗೆ ಬಿತ್ತಿದ ಶೇಂಗಾ ಮನೆಗೆ ಬಂದಿರುತ್ತದೆ. ಹಾಗಾಗಿ ಓಬವ್ವನ ದಿನವೂ ಹೊಸ ಶೇಂಗಾ ಕುಟ್ಟುವ ದಿನವೂ ನನಗೆ ಒಂದೇ.

ನನ್ನ ತವರು ಜಗಳೂರು ಕಡೆ ಒಂದು ಹಳ್ಳಿ. ಮದುವೆಯಾಗಿ ದುರ್ಗಕ್ಕೆ ಬಂದಾಗ ಅದೂ ಚಿತ್ರದುರ್ಗ ಜಿಲ್ಲೆಯೇ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆ ಆಯಿತು, ಜಗಳೂರು ಆ ಕಡೆ ಹೋಯಿತು. ಮಲಗಿ ಏಳುವಷ್ಟರಲ್ಲಿ ತವರು ಪರಜಿಲ್ಲೆ! ಅಣ್ಣ ಕಳಿಸುವ ಚೀಲಕ್ಕೆ ಮಾತ್ರ ಜಿಲ್ಲೆ ಗಿಲ್ಲೆ ಗೊತ್ತಿಲ್ಲ, ವರ್ಷ ವರ್ಷ ಬರುತ್ತದೆ.

ಬಂದ ತಕ್ಷಣ ಬಾಣಲೆಗೆ ಸುರಿಯಬೇಡಿ. ಮೊದಲು ಹಸನು ಮಾಡಿ. ಟಿವಿ ನೋಡುತ್ತಾ ಅಲ್ಲ, ಬಿಸಿಲಿಗೆ ಕೂತು. ಮುರುಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದದ್ದು ಒಂದು ಕಾಳೂ ಇರಬಾರದು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅಂತ ವಿಷ ಸೇರುತ್ತದೆ, ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ನಾಲ್ಕು ಕಾಳಿಗೆ ಜಿಪುಣತನ ಬೇಡ.

ಈಗ ಹುರಿಯುವ ವಿಷಯ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಯಾಕಂದ್ರೆ ಎಲ್ಲರೂ ಕೆಡಿಸುವುದು ಇಲ್ಲೇ. ಒಂದು ಹಿಡಿ ನೀರಿಗೆ ಉಪ್ಪು ಕದಡಿ ಕಾಳಿನ ಮೇಲೆ ಚಿಮುಕಿಸಿ, ಕೈಯಲ್ಲಿ ಉಜ್ಜಿ, ಬಟ್ಟೆ ಮುಚ್ಚಿಡಿ. ಒಂದು ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ಒದ್ದೆ ಆರಿ ಕಾಳು ಬಿಗಿಯಾಗಿರುತ್ತದೆ. ದಪ್ಪ ಕಬ್ಬಿಣದ ಬಾಣಲೆಯನ್ನು ಖಾಲಿಯಾಗಿಯೇ ಕಾಯಿಸಿ. ಕಾಳು ಬಿದ್ದ ಮೇಲೆ ಉರಿ ತೀರಾ ಸಣ್ಣ. ನೀವು ದೊಡ್ಡ ಉರಿ ಇಟ್ಟು ಫೋನ್ ಹಿಡಿದು ನಿಲ್ಲುತ್ತೀರಿ, ಹೊರಗೆ ಕರಕಲು, ಒಳಗೆ ಹಸಿ. ಸೌಟು ನಿಲ್ಲಬಾರದು, ಕಿವಿಯೂ ಆ ಕಡೆಯೇ ಇರಬೇಕು. ಮೊದಲು ಏನೂ ಸದ್ದಿಲ್ಲ. ಆಮೇಲೆ ಒಂದೊಂದೇ ಚಟ್ ಅನ್ನುತ್ತದೆ. ಆಮೇಲೆ ಮಳೆ ಹನಿ ಬಿದ್ದ ಹಾಗೆ ಚಟಪಟ. ಆ ಚಟಪಟ ಕಡಿಮೆ ಆಯಿತು ಅಂದಾಗ ಒಂದು ಕಾಳು ತೆಗೆದು ಒಡೆಯಿರಿ. ಒಳಗೆ ಹಾಲಿನ ಕೆನೆಯ ಬಣ್ಣ ಇದ್ದರೆ ಸಾಕು, ಇಳಿಸಿ. ಕಂದು ಬಣ್ಣ ಬರಲಿ ಅಂತ ಕಾದರೆ ಕೆಟ್ಟಿರಿ. ಒಲೆ ಆರಿಸಿದರೂ ಕಾಳಿನ ಒಳಗಿನ ಕಾವು ಆರುವುದಿಲ್ಲ, ಅದೇ ಕಾವಿನಲ್ಲಿ ಇನ್ನೊಂದು ಹದ ಏರುತ್ತದೆ.

ಇಳಿಸಿದ್ದನ್ನು ಬಾಣಲೆಯಲ್ಲೇ ಬಿಡಬೇಡಿ, ಮೊರದ ಮೇಲೆ ತೆಳ್ಳಗೆ ಹರಡಿ. ಪೂರ್ತಿ ತಣ್ಣಗಾಗಬೇಕು. ಕಾಳು ಮುಷ್ಟಿಯಲ್ಲಿ ಹಿಡಿದರೆ ಬೆಚ್ಚಗೂ ಅನ್ನಿಸಬಾರದು. ಆಮೇಲೆ ಗೋಣಿತಟ್ಟಿನ ತುಂಡಿನಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಕೇರಿ. ಕೇರಲು ಬಾರದವರು ಬಾಲ್ಕನಿಯಲ್ಲಿ ನಿಂತು ಊದಿ, ಪಕ್ಕದ ಮನೆಯವರ ಹತ್ತಿರ ಬೈಸಿಕೊಳ್ಳಿ. ಇನ್ನೊಂದು ಕೆಲಸ ಇದೆ, ಇದಕ್ಕೆ ನನ್ನ ಸೊಸೆ ನಗುತ್ತಾಳೆ. ಬೇಳೆ ಒಡೆದಾಗ ತುದಿಯಲ್ಲಿ ಒಂದು ಪುಟ್ಟ ಮೊಳಕೆ ಇರುತ್ತದಲ್ಲ, ಅದು ಕಹಿ. ಮೊರವನ್ನು ಓರೆ ಮಾಡಿ ಮೆಲ್ಲಗೆ ತಟ್ಟಿದರೆ ಆ ಚೂರುಗಳು ಕೆಳಗಿಳಿದು ಒಂದು ಕಡೆ ಸೇರುತ್ತವೆ. ತೆಗೆದುಹಾಕಿ. ಹದಿನೈದು ದಿನದ ಮೇಲೂ ಪುಡಿ ಕಮಟು ಬರದಿದ್ದರೆ ಆಗ ಈ ಮುದುಕಿಯನ್ನು ನೆನೆಸಿಕೊಳ್ಳಿ.

ಬಾಣಲೆಯನ್ನು ಸೋಪು ಹಾಕಿ ತಿಕ್ಕಬೇಡಿ. ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಆಯಿತು. ಪಾತ್ರೆ ತೊಳೆಯುವ ಮಾತು ಬಂತು, ಹೇಳಿಯೇ ಬಿಡುತ್ತೇನೆ. ನಲ್ಲಿ ಪೂರ್ತಿ ತಿರುಗಿಸಿಟ್ಟು ಪಾತ್ರೆ ಉಜ್ಜುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದುರ್ಗದ ಸೀಮೆಯಲ್ಲಿ ಹುಟ್ಟಿದವರು ಹಂಗೆ ಮಾಡಬಹುದಾ? ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ನಮ್ಮತ್ತೆ ಆ ಮೊದಲ ಕೋಡಿಯ ಕತೆ ಹೇಳುತ್ತಲೇ ಹೋದರು, ಎರಡನೆಯದನ್ನು ನೋಡಲಿಲ್ಲ. ಬೋಗುಣಿಯಲ್ಲಿ ನೀರು ಹಿಡಿದು ತೊಳೆಯಿರಿ.

ಇನ್ನು ಕುಟ್ಟುವುದು. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಎಣ್ಣೆಯೇ. ಚಳ್ಳಕೆರೆಯಲ್ಲಿ ಅಷ್ಟೊಂದು ಎಣ್ಣೆ ಮಿಲ್ಲುಗಳು ಸುಮ್ನೆ ಹುಟ್ಟಿಕೊಂಡವಾ? ಮಿಕ್ಸಿಯ ಬ್ಲೇಡು ತಿರುಗಿ ತಿರುಗಿ ಬಿಸಿಯಾಗುತ್ತದೆ, ಎಣ್ಣೆ ಬಿಡುತ್ತದೆ, ಪುಡಿ ಮುದ್ದೆಯಾಗುತ್ತದೆ. ಒನಕೆ ಅರೆಯುವುದಿಲ್ಲ, ಮೇಲಿಂದ ಬಿದ್ದು ಒಡೆಯುತ್ತದೆ, ಅಷ್ಟೇ.

ತವರಿನಲ್ಲಿ ಅವ್ವ ಮತ್ತು ಚಿಕ್ಕವ್ವ ಎದುರುಬದುರು ನಿಂತು ಒಂದೇ ಒರಳಿಗೆ ಎರಡು ಒನಕೆ ಹಾಕುತ್ತಿದ್ದರು. ಒಂದು ಏಳುವಾಗ ಇನ್ನೊಂದು ಇಳಿಯಬೇಕು. ನಾನು ಮಧ್ಯೆ ಕೈ ಹಾಕಿ ಕಾಳು ಸರಿಸುವವಳು. ತಾಳ ತಪ್ಪಿದರೆ ಬೆರಳು ಹೋಯಿತು. ಒಂದು ಸಲ ಸ್ವಲ್ಪದರಲ್ಲಿ ತಪ್ಪಿತು, ಅವ್ವ ಮೊದಲು ಬೆರಳು ನೋಡಿ ಆಮೇಲೆ ಬೆನ್ನಿಗೆ ಕೊಟ್ಟಳು. ಎತ್ತು, ಹಾಕು, ಸರಿಸು. ಒನಕೆ ಎತ್ತುವುದು ಬರೀ ತೋಳಲ್ಲ, ಸೊಂಟ. ಹಾಕುವಾಗ ಬಲ ಬೇಡ, ಅದರ ಭಾರಕ್ಕೇ ಬಿಡಬೇಕು.

ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುವುದು. ಹೈದರಾಲಿಯ ದಂಡು ದುರ್ಗಕ್ಕೆ ಮುತ್ತಿಗೆ ಹಾಕಿದ ಕಾಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ಶತ್ರುಗಳು ನುಸುಳುವುದು ಕಂಡಳು ಅನ್ನುವುದು ಕತೆ. ಆ ಸಂದಿನಲ್ಲಿ ಒಬ್ಬೊಬ್ಬರೇ ತೂರಬೇಕು. ತಲೆ ಹೊರಬಂದಂತೆ ಕುಟ್ಟಿದಳು, ಪಕ್ಕಕ್ಕೆ ಎಳೆದಳು, ಮುಂದಿನವನಿಗೆ ಕಾದಳು. ಎತ್ತು, ಹಾಕು, ಸರಿಸು. ಅದು ಕತ್ತಿವರಸೆ ಕಲಿತವಳ ಕೆಲಸವಲ್ಲ, ದಿನಾ ಕುಟ್ಟಿದವಳ ಕೆಲಸ. ಕೋಟೆ 1779ರಲ್ಲಿ ಹೈದರನ ಕೈಸೇರಿತು, ಹೆಸರು ಮಾತ್ರ ಇವಳದ್ದೇ ಉಳಿಯಿತು. ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ, ಅಟ್ಟದಿಂದ ನಿಜವಾದ ಒನಕೆ ಇಳಿಸಿ ಕೈಗೆ ಕೊಟ್ಟೆ. ನಾಲ್ಕು ಸಲ ಎತ್ತಿ "ಅಜ್ಜಿ, ಭಾರ" ಅಂದಳು. ಶಾಲೆಗೆ ಥರ್ಮಾಕೋಲೇ ಹೋಯಿತು, ಆದರೆ ಸರಿಯಾಗಿ ನೆಟ್ಟಗೆ ಹಿಡಿದುಕೊಂಡು ಹೋದಳು.

ಕುಟ್ಟುವ ಕ್ರಮ ಹೀಗೆ. ಮೊದಲು ಹುರಿದ ಬ್ಯಾಡಗಿ ಮೆಣಸಿನಕಾಯಿ. ಖಾರ ಬೇಕಾದವರು ಗುಂಟೂರು ನಾಲ್ಕು ಸೇರಿಸಿ. ಆಮೇಲೆ ಜೀರಿಗೆ, ಕಲ್ಲುಪ್ಪು, ಸಿಪ್ಪೆ ಸಮೇತ ಬೆಳ್ಳುಳ್ಳಿ. ಬೆಳ್ಳುಳ್ಳಿಯ ಪಸೆಯನ್ನು ಉಪ್ಪು ಖಾರ ಹೀರಿಕೊಳ್ಳಲಿ. ಹುಣಸೆ ಹಾಕುವುದಾದರೆ ಬೆಚ್ಚಗೆ ಮಾಡಿ ಒಣಗಿಸಿ ಹಾಕಿ. ಶೇಂಗಾ ಕಟ್ಟಕಡೆಗೆ. ಕೈಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಉದುರುವಾಗ ನಿಲ್ಲಿಸಿ. ಅಲ್ಲಲ್ಲಿ ಅರ್ಧ ಬೇಳೆ ಹಲ್ಲಿಗೆ ಸಿಗಬೇಕು. ರೊಟ್ಟಿ ಜೊತೆ ಅದೇ ರುಚಿ.

ಅಪಾರ್ಟ್‌ಮೆಂಟಿನಲ್ಲಿ ಕುಟ್ಟಿದರೆ ಕೆಳಗಿನ ಮನೆಯವರು ಬರುತ್ತಾರೆ ಅನ್ನುವವರಿಗೆ: ಸಣ್ಣ ಕಲ್ಲಿನ ಕುಟ್ಟಾಣಿ ಕೆಳಗೆ ಗೋಣಿ ಮಡಚಿ ಹಾಕಿ. ಅದೂ ಆಗಲ್ಲ, ಮಿಕ್ಸಿಯೇ ಗತಿ ಅಂದರೆ ಗುಂಡಿಯನ್ನು ಹಿಂದಕ್ಕೆ ಒಂದು ಸಲ ತಿರುಗಿಸಿ ಬಿಡಿ. ಜಾರು ಅಲ್ಲಾಡಿಸಿ. ಮತ್ತೊಂದು ಸಲ. ಮೂರನೆಯದಕ್ಕೆ ನಿಲ್ಲಿಸಿ. ಒಂದೇ ಸಲಕ್ಕೆ ಜಾರು ತುಂಬ ಸುರಿಯಬೇಡಿ. ಭರಣಿಗೆ ಒದ್ದೆ ಚಮಚ ಹಾಕಿದವರು ನಮ್ಮ ಮನೆಗೆ ಬರುವುದೇ ಬೇಡ.

ಮೆಣಸಿನಕಾಯಿ ಕುಟ್ಟಿದ ಕೈಗೆ ಬರೀ ನೀರು ಹಾಕಿದರೆ ಉರಿ ಹೋಗಲ್ಲ. ಮೊದಲು ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಆಮೇಲೆ ಸೋಪು. ಅಲ್ಲಿತನಕ ಕಣ್ಣು ಮುಟ್ಟಬೇಡಿ.