ಜ್ವರ ಬಂದರೆ ಗಂಜಿ ಯಾರು ಮಾಡಿಕೊಡ್ತಾರೆ?

ಬಾಗಲಕೋಟೆ ಕಡೆಯ ಒಂದು ಎ.ಆರ್.ಟಿ. ಕೇಂದ್ರದಲ್ಲಿ, ಅಂದರೆ ಎಚ್.ಐ.ವಿ. ಸೋಂಕಿತರಿಗೆ ಔಷಧ ಕೊಡುವ ಕಡೆ, ನಾನು ಆಪ್ತ ಸಮಾಲೋಚಕಿ. ಮೊದಮೊದಲು ಎಚ್.ಐ.ವಿ. ಪಾಸಿಟಿವ್ ಅಂತ ಗೊತ್ತಾದ ದಿನವೇ ಎಲ್ಲ ಹೇಳಿಬಿಡುತ್ತಿದ್ದೆ. ದಿನಕ್ಕೊಂದು ಗುಳಿಗೆ ಸಾಕು, 2004ರಿಂದ ಸರ್ಕಾರ ಪುಕ್ಕಟೆ ಕೊಡ್ತಿದೆ, ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು ಅಂತ. ಎದುರಿಗೆ ಕೂತ ಹೆಂಗಸು ಸೆರಗಿನ ತುದಿ ಸುತ್ತುತ್ತಾ ತಲೆ ಆಡಿಸುತ್ತಿದ್ದಳು, ಅಷ್ಟೇ. ಒಂದು ಮಾತೂ ಒಳಗೆ ಇಳಿದಿರುತ್ತಿರಲಿಲ್ಲ. ಈಗ ಮೊದಲ ದಿನ ಜಾಸ್ತಿ ಹೇಳುವುದಿಲ್ಲ. "ಇವತ್ತು ಮನೆಗೆ ಹೋದ್ಮೇಲೆ ಏನ್ ಕೆಲಸ ಐತಿ?" ಅಂತ ಕೇಳುತ್ತೇನೆ. ರೊಟ್ಟಿ, ಎಮ್ಮೆ, ಮಗನ ಶಾಲೆ... ಅಲ್ಲಿಂದ ಮಾತು ಶುರುವಾಗುತ್ತದೆ.

ಬಸಿರಿದ್ದಾಗಿನ ತಪಾಸಣೆಯಲ್ಲಿ ಎಷ್ಟೋ ಸಲ ಹೆಂಡತಿಯದೇ ಮೊದಲು ಗೊತ್ತಾಗುತ್ತದೆ, ಹಾಗಾಗಿ ರೋಗ ತಂದವಳೂ ಅವಳೇ ಅಂತಾಗಿಬಿಡುತ್ತದೆ. ಯಾರ ರಕ್ತ ಮೊದಲು ನೋಡಿದರು ಅನ್ನುವುದಕ್ಕೂ ಯಾರಿಂದ ಬಂತು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಒಬ್ಬಾಕೆಯ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡ ತೀರಿಕೊಂಡಿದ್ದ. ತಿಂಗಳ ಕೊನೆಗೆ ಡಬ್ಬಿ ಸುರಿದು ಎಣಿಸಿದರೆ ಒಂಬತ್ತು ಗುಳಿಗೆ ಉಳಿದಿದ್ದವು. ಬುದ್ಧಿವಾದ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡು ಯಾಕೆ ಅಂತ ಕೇಳಿದೆ. "ಡಬ್ಬಿ ಸಪ್ಪಳ ಮಾಡತೈತ್ರಿ ಅಕ್ಕಾರ. ಅತ್ತಿ ಬಾಜೂಕ ಮಲಗತಾಳ." ಅಷ್ಟೇ ಕಾರಣ. ಡಾಕ್ಟರನ್ನು ಕೇಳಿ, ಅತ್ತೆ ಡೈರಿಗೆ ಹಾಲು ಹಾಕಲು ಹೋಗುವ ಬೆಳಗಿನ ಹೊತ್ತಿಗೆ ಗುಳಿಗೆ ನುಂಗುವ ಸಮಯ ಬದಲಿಸಿದೆವು. ಮುಂದಿನ ತಿಂಗಳು ಒಂದೂ ಉಳಿದಿರಲಿಲ್ಲ.

ಆದರೆ ಎಷ್ಟು ದಿನ ಒಬ್ಬಳೇ ಹೊರುವುದು? ಸೋಂಕಿತರ ಸಭೆಗೆ ಕರೆದೆ, ಗುರುತಿನವರು ಸಿಕ್ಕಾರು ಅಂತ ಹೆದರಿದಳು. ಮನೆಯಲ್ಲಿ ಹೇಳಿಬಿಡಿ ಅಂತ ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ, ಹೇಳಿದ್ದಕ್ಕೇ ತಟ್ಟೆ ಲೋಟ ಬೇರೆ ಇಟ್ಟ ಮನೆಗಳನ್ನು ನೋಡಿದ್ದೇನೆ. ನಿಮ್ಮ ಒಪ್ಪಿಗೆ ಇಲ್ಲದೆ ನಾವು ಮನೆಯವರಿಗೆ ಹೇಳುವ ಹಾಗಿಲ್ಲ, ಅದಕ್ಕೆ 2017ರ ಎಚ್.ಐ.ವಿ. ಕಾನೂನೇ ಇದೆ ಅಂದೆ. ಆಮೇಲೆ ಕೇಳಿದೆ, "ಜ್ವರ ಬಂದರೆ ಗಂಜಿ ಯಾರು ಮಾಡಿಕೊಡ್ತಾರೆ?" ತುಂಬಾ ಹೊತ್ತು ಸುಮ್ನಿದ್ದು, "ನಮ್ಮ ಅಕ್ಕ" ಅಂದಳು.

ಹೇಳಲು ಎಂಟು ತಿಂಗಳು ಹಿಡಿಯಿತು. ನನ್ನ ಮೇಜಿನ ಮುಂದೆ ನಾನೇ ಅಕ್ಕನಾಗಿ ಕೂತು, ಬೈದು, ಅತ್ತು, ಅವಳಿಗೆ ಅಭ್ಯಾಸ ಮಾಡಿಸಿದೆ. ಎರಡು ಸಲ ಊರಿಗೆ ಹೋಗಿ ಹೇಳದೇ ವಾಪಸ್ ಬಂದಳು. ಇರಲಿ ಬಿಡಿ ಅಂದೆ.

ಆಮೇಲೊಂದು ದಿನ ಇಬ್ಬರೂ ಬಂದರು. ಗುಳಿಗೆ ಡಬ್ಬಿ ಅಕ್ಕನ ಕೈಯಲ್ಲಿತ್ತು. "ಇದನ್ನ ಊಟಕ್ಕ ಮೊದಲ ತಗೋಬೇಕೋ, ಆಮ್ಯಾಲೋ?" ಅಂತ ಕೇಳಿದ್ದು ಆಕೆ.