ಇ-ಸಿಮ್ ಆಕ್ಟಿವೇಟ್ ಆಗದಿದ್ದಾಗ

ಹುಬ್ಬಳ್ಳಿ ವಿದ್ಯಾನಗರದ ಮನೆಯಲ್ಲಿ ಕೂತು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಹಾಕಿಕೊಳ್ಳಲು ಮೊಬೈಲ್ ಕಂಪನಿ ಕೊಟ್ಟ ಕ್ಯೂಆರ್ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ‘ಇ-ಸಿಮ್ ಸೇರಿಸಲು ಆಗುತ್ತಿಲ್ಲ’ ಅಂತಲೇ ಬರುತ್ತಿತ್ತು. ರೀಸ್ಟಾರ್ಟ್, ಏರ್‌ಪ್ಲೇನ್ ಮೋಡ್ ಯಾವುದೂ ಉಪಯೋಗಕ್ಕೆ ಬರಲಿಲ್ಲ. ನೆಟ್‌ವರ್ಕ್ ರೀಸೆಟ್ ಮಾತ್ರ ಮಾಡಬೇಡಿ. ಸುಮ್ನೆ ವೈಫೈ ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ.

ತಪ್ಪು ಇದ್ದದ್ದು ಇಐಡಿಯಲ್ಲಿ, ಅಂದರೆ ಫೋನಿನ ಇ-ಸಿಮ್ ಚಿಪ್‌ನ ಗುರುತಿನ ನಂಬರಿನಲ್ಲಿ. *#06# ಒತ್ತಿದರೆ 89ರಿಂದ ಶುರುವಾಗುವ 32 ಅಂಕಿ ಕಾಣುತ್ತವೆ. ಹಾಳೆಯಲ್ಲಿ ನಾಲ್ಕು ನಾಲ್ಕಾಗಿ ಬರೆದು, ಕಂಪನಿಗೆ ಕೊಟ್ಟಿದ್ದ ಇ-ಸಿಮ್ ಅರ್ಜಿಯ ಜೊತೆ ತಾಳೆ ನೋಡಿದೆ. ಅಲ್ಲಿದ್ದದ್ದು ನನ್ನ ಹಳೆ ಫೋನಿನ ಇಐಡಿ! ಆ ಅರ್ಜಿ ರದ್ದು ಮಾಡಿಸಿ, ಸರಿಯಾದ ನಂಬರ್ ಕೊಟ್ಟು ಹೊಸ ಕ್ಯೂಆರ್ ತಗೊಂಡೆ. ಮೊದಲು ವಿಪಿಎನ್ ಆಫ್ ಮಾಡಿ, ದಿನಾಂಕ-ಸಮಯ ಆಟೊಮ್ಯಾಟಿಕ್ ಇಟ್ಟು, ವೈಫೈ ಆನ್ ಮಾಡಿ, ಆಮೇಲೆ ಸ್ಕ್ಯಾನ್ ಮಾಡಿದೆ. ಒಂದೇ ಸಲಕ್ಕೆ ಆಯಿತು.

ಒಮ್ಮೆ ಫೋನಿಗೆ ಸೇರಿದ ಇ-ಸಿಮ್ ಡಿಲೀಟ್ ಮಾಡಬೇಡಿ, ಕ್ಯೂಆರ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಯುವ ನಿಯಮವಿದೆ, ಬ್ಯಾಂಕ್ ಕೆಲಸ ಮೊದಲೇ ಮುಗಿಸಿಕೊಳ್ಳಿ.