ಹೊಸ ಕಾರ್ಡ್ ಕೊಳ್ಳೋ ಮುಂಚೆ ಸೆಟ್ಟಿಂಗ್ಸ್ ಒಮ್ಮೆ ನೋಡಿ

ಗೇಮ್ ತಡವರಿಸ್ತಿದೆ ಅಂದ ತಕ್ಷಣ ಹೊಸ ಗ್ರಾಫಿಕ್ಸ್ ಕಾರ್ಡ್ ಹುಡುಕೋಕೆ ಹೊರಡಬೇಡಿ. ಮೊದಲು ಗೇಮಿನ ಟೆಕ್ಸ್ಚರ್ (ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸೋ ಚಿತ್ರ) ಸೆಟ್ಟಿಂಗ್ ನೋಡಿ. ಟೆಕ್ಸ್ಚರ್‌ಗಳು ಕೂರೋದು ಕಾರ್ಡಿನ ಸ್ವಂತ ಮೆಮೊರಿಯಲ್ಲಿ. ಅದು ತುಂಬಿ ತುಳುಕಿದರೆ ಕಂಪ್ಯೂಟರಿನ ರ‍್ಯಾಮ್‌ನಿಂದ ಎಳೆದುಕೊಳ್ಳಬೇಕು, ಆ ದಾರಿ ತುಂಬ ನಿಧಾನ. ಚೆನ್ನಾಗಿ ಓಡ್ತಿದ್ದ ಆಟ ಇದ್ದಕ್ಕಿದ್ದಂತೆ ಗಕ್ಕನೆ ನಿಲ್ಲೋದು ಎಷ್ಟೋ ಸಲ ಇದಕ್ಕೇ. 8 ಜಿಬಿ ಕಾರ್ಡ್ ಇರೋರು 'ಅಲ್ಟ್ರಾ' ಬಿಟ್ಟು 'ಹೈ' ಇಟ್ಟು ನೋಡಿ. ಆಡೋ ಭರದಲ್ಲಿ ವ್ಯತ್ಯಾಸ ಕಾಣೋದೇ ಕಷ್ಟ. (ಅಲ್ಟ್ರಾ ಇರೋದು ಸ್ಕ್ರೀನ್‌ಶಾಟ್ ತೆಗೆಯೋಕೆ ಅಂತ ನನ್ನ ಗುಮಾನಿ!)

ಇನ್ನು ರೆಸಲ್ಯೂಷನ್, ಅಂದ್ರೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕೆ) ಇವೆ ಅನ್ನೋದು. 1080ಪಿ ಅಂದ್ರೆ ಸುಮಾರು 20 ಲಕ್ಷ ಪಿಕ್ಸೆಲ್, 4ಕೆ ಅಂದ್ರೆ ಸುಮಾರು 83 ಲಕ್ಷ. ಒಂದೊಂದು ಫ್ರೇಮಿಗೂ (ಪರದೆ ಮೇಲೆ ಬರೋ ಒಂದೊಂದು ಚಿತ್ರಕ್ಕೂ) ನಾಲ್ಕು ಪಟ್ಟು ಪಿಕ್ಸೆಲ್. 4ಕೆ ಮಾನಿಟರ್ ಇದ್ದರೆ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಅನ್ನೋ ಅಪ್‌ಸ್ಕೇಲಿಂಗ್ ಆಯ್ಕೆಯನ್ನು 'ಕ್ವಾಲಿಟಿ'ಯಲ್ಲಿ ಹಾಕಿ. ಚಿತ್ರ ಕಡಿಮೆ ರೆಸಲ್ಯೂಷನ್‌ನಲ್ಲಿ ತಯಾರಾಗಿ ಆಮೇಲೆ ಹಿಗ್ಗುತ್ತೆ. ನೆರಳನ್ನೂ ಒಂದು ಮೆಟ್ಟಿಲು ಇಳಿಸಿ.

ಇಷ್ಟೆಲ್ಲ ಮಾಡಿದರೂ ಕೆಲವು ಕಡೆ ಆಟ ನಡೆಯಲ್ಲ. 2024ರ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್', 2025ರ 'ಡೂಮ್: ದ ಡಾರ್ಕ್ ಏಜಸ್' ಎರಡಕ್ಕೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕೋ ವಿಧಾನ) ಹಾರ್ಡ್‌ವೇರ್ ಇರೋ ಕಾರ್ಡೇ ಬೇಕು. ಜಿಟಿಎಕ್ಸ್ 1080 ಟಿಐ ಕಾರ್ಡ್ ಒಂದು ಕಾಲದ ರಾಜ, 11 ಜಿಬಿ ಮೆಮೊರಿ ಬೇರೆ, ಆದರೂ ಆ ಹಾರ್ಡ್‌ವೇರ್ ಇಲ್ಲ ಅಂತ ಇಲ್ಲಿ ಬಾಗಿಲಲ್ಲೇ ನಿಲ್ಲಬೇಕು. ಹಾಗಾಗಿ ಗೇಮ್ ಕೊಳ್ಳೋ ಮುಂಚೆ ಅದಕ್ಕೆ ಬೇಕಾದ ಹಾರ್ಡ್‌ವೇರ್ ಪಟ್ಟಿಯ 'ಮಿನಿಮಮ್' ಸಾಲು ಓದಿ, ಅದು ಯಾವ ರೆಸಲ್ಯೂಷನ್‌ಗೆ, ಸೆಕೆಂಡಿಗೆ ಎಷ್ಟು ಫ್ರೇಮಿಗೆ ಅಂತಲೂ ನೋಡಿ. ಕೆಲವು ಗೇಮ್ ತಯಾರಕರು ಅಪ್‌ಸ್ಕೇಲಿಂಗ್ ಸೇರಿಸಿಯೇ ಲೆಕ್ಕ ಕೊಟ್ಟಿರ್ತಾರೆ.